ಇಬ್ಬರು ಮಲಗಿದಾಗ ಇಬ್ಬರು ಎದ್ದಿದ್ದರು

ಗೆಳೆಯರೆ, ನಮ್ಮ ಜನ ಕಳಕೊಂಡ ಭೂಮಿಯ ಲೆಕ್ಕ ಉಂಟು. ಕೊಡದೆ ಉಳಿಸಿಕೊಂಡ ಕೂಲಿಯ ಲೆಕ್ಕ ಉಂಟು. ಸುಟ್ಟ ಗುಡಿಸಲುಗಳ ಲೆಕ್ಕವನ್ನು ಪೊಲೀಸರಾದರೂ ಬರೆದಿಟ್ಟಿದ್ದಾರೆ. ಆದರೆ ಇಸ್ಕೂಲಿನಿಂದ ಬಂದ ಹುಡುಗ ಉಣ್ಣದೆ, ಮಾತಾಡದೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದರ ಲೆಕ್ಕ ಯಾವ ದಫ್ತರದಲ್ಲಿದೆ?

ಕೇರಿಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ. 'ಗಾಳಿ ಸೋಕೈತೆ' ಅಂತ ಅವ್ವ ನಿವಾಳಿಸಿ ಹಾಕಿದಳು. 'ಮನಸ್ಸಿಗೆ ಹಚ್ಕೊಂಡವ್ನೆ, ಸರಿಹೋಯ್ತಾನೆ' ಅಂತ ಅಪ್ಪ ಕೂಲಿಗೆ ಹೋದ. ಮೇಷ್ಟ್ರು 'ದಡ್ಡ' ಅಂತ ಬರೆದರು. ಅವಮಾನ ಅನ್ನೋದು ಮೈಯ ಮೇಲೆ ಬರೆ ಎಳೆಯುವುದಿಲ್ಲ, ಆದ್ದರಿಂದ ಅದಕ್ಕೆ ಸಾಕ್ಷಿ ಸಿಗುವುದಿಲ್ಲ. ಹಾಗಾದರೆ ಆ ಹುಡುಗನನ್ನು ಯಾರು ಎಬ್ಬಿಸಿದರು? ತಟ್ಟೆಯ ಮುಂದೆ ಯಾರು ಕೂರಿಸಿದರು? ನಾವು ಹಿಂದಕ್ಕೆ ಹೋಗಿ ಹುಡುಕಿದಷ್ಟೂ ಒಂದೇ ಉತ್ತರ ಸಿಗುತ್ತದೆ: ಬಹಳ ಸಲ ಅವನದೇ ವಯಸ್ಸಿನ, ಅವನಷ್ಟೇ ಪೆಟ್ಟು ತಿಂದ ಇನ್ನೊಬ್ಬ ಹುಡುಗ. ಅವಳದೇ ವಯಸ್ಸಿನ ಇನ್ನೊಬ್ಬಳು ಹುಡುಗಿ. ಈ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ, ಚರಿತ್ರೆಯಲ್ಲಿ ಜಾಗವನ್ನೂ ಕೊಡಲಿಲ್ಲ. ಆ ಜಾಗವನ್ನು ಇಲ್ಲಿ ಕೇಳುತ್ತಿದ್ದೇವೆ.

ಧಾರವಾಡದಿಂದ ಶುರು ಮಾಡೋಣ. 1856ರ ಜೂನ್ ತಿಂಗಳು. ಮಹಾರ್ ಜಾತಿಯ ಒಬ್ಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಫೀಜು ಕೊಡುತ್ತೇನೆ ಎಂದೂ ಹೇಳಿದ. ಶಾಲೆಯ ಬಾಗಿಲು ತೆರೆಯಲಿಲ್ಲ. ವಿಷಯ ಬೊಂಬಾಯಿ ಸರ್ಕಾರದ ತನಕ ಹೋಯಿತು. ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ಹೀಗೆ ಕೇಳಿ ಬಂದವನು ಇವನೊಬ್ಬನೇ, ಈ ಒಬ್ಬನಿಗಾಗಿ ಉಳಿದವರೆಲ್ಲರ ಶಾಲೆಯನ್ನು ಕೆಡಿಸಲಾಗದು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಗೂ ಸೇರಿದ್ದು ಎಂದು ತತ್ವವನ್ನೇನೋ ಹೇಳಿದರು. ತತ್ವ ಕಾಗದದ ಮೇಲೆ ಉಳಿಯಿತು.

'ಇವನೊಬ್ಬನೇ' ಅನ್ನುವ ಮಾತನ್ನು ಗಮನಿಸಿ. ಒಂಟಿಯಾಗಿದ್ದಾನೆ, ಆದ್ದರಿಂದ ಅವನಿಗೆ ನ್ಯಾಯ ಬೇಕಿಲ್ಲ. ಜಾತಿ ಮೊದಲು ಒಂಟಿ ಮಾಡುತ್ತದೆ, ಆಮೇಲೆ ಒಂಟಿಯಾಗಿರುವುದನ್ನೇ ಅಪರಾಧ ಮಾಡುತ್ತದೆ. ಆ ಸಂಜೆ ಆ ಹುಡುಗ ಮನೆಗೆ ಹೋಗಿ ಏನು ಮಾಡಿದ? ಅಳುವುದಕ್ಕೆ ಜೊತೆಗಾರ ಇದ್ದನೇ? ಸರ್ಕಾರದ ಕಾಗದ ಅದನ್ನು ಬರೆದುಕೊಳ್ಳಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯಲ್ಲಿ ಬೇರೊಂದು ನಡೆದಿತ್ತು. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಎಳೆ ಹುಡುಗಿ ಮುಕ್ತಾ ಸಾಳ್ವೆ ತನ್ನ ಜನರ, ಮಹಾರ್ ಮಾಂಗರ ದುಃಖವನ್ನು ಕುರಿತು ಒಂದು ಪ್ರಬಂಧ ಬರೆದಳು. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅವಳ ವಯಸ್ಸು ಚಿಕ್ಕದು, ಸಿಟ್ಟು ದೊಡ್ಡದು. ಆ ಸಿಟ್ಟು ಅವಳೊಳಗೇ ಕುದ್ದು ಅವಳನ್ನೇ ಸುಡಲಿಲ್ಲ, ಬರಹವಾಯಿತು. ಯಾಕೆ? ಅವಳನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಅವಳ ಪಕ್ಕದಲ್ಲಿ ಅವಳಂಥವರು ಕೂತಿದ್ದರು, ಕೇಳುವ ಗುರುಗಳಿದ್ದರು. ಪುಣೆಯ ಹುಡುಗಿಯ ಹೆಸರು ನಮಗೆ ಗೊತ್ತು. ಧಾರವಾಡದ ಹುಡುಗ ನಮ್ಮ ಬಾಯಲ್ಲಿ 'ಆ ಹುಡುಗ'ನಾಗಿಯೇ ಉಳಿದ. ಜೊತೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಇಷ್ಟು.

ಇನ್ನು 1901ಕ್ಕೆ ಬರೋಣ. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅಚ್ಚಾದ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಪುಸ್ತಕದಲ್ಲಿ ಈ ಕಥೆ ಇದೆ. ಆಗ ಭೀಮನಿಗೆ ಒಂಬತ್ತು ವರ್ಷ ಅಂತ ಅವರ ಲೆಕ್ಕ. ತಾಯಿ ಇಲ್ಲ. ಅಪ್ಪ ಗೋರೆಗಾಂವ್‌ನಲ್ಲಿ ಕೆಲಸದ ಮೇಲಿದ್ದಾರೆ. ಬೇಸಗೆ ರಜೆಗೆ ಅಪ್ಪನ ಹತ್ತಿರ ಹೋಗೋಣ ಎಂದು ಭೀಮ, ಅವನ ಅಣ್ಣ, ತೀರಿಕೊಂಡ ಅಕ್ಕನ ಮಕ್ಕಳು, ಹೀಗೆ ಮಕ್ಕಳೇ ಸಾತಾರದಿಂದ ರೈಲು ಹತ್ತಿದರು. ಹೊಸ ಬಟ್ಟೆ, ಹೊಸ ಟೋಪಿ, ಸಂಭ್ರಮವೋ ಸಂಭ್ರಮ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಪ್ಪನಿಗೆ ಕಾಗದ ಮುಟ್ಟಿಲ್ಲ. ಸ್ಟೇಷನ್ ಮಾಸ್ತರರು ಮೊದಲು ಅಕ್ಕರೆಯಿಂದ ವಿಚಾರಿಸಿದರು. ಮಹಾರರು ಎಂದು ಹುಡುಗ ಬಾಯಿಬಿಟ್ಟ ಕೂಡಲೆ ಅವರ ಮುಖ ಬದಲಾಯಿತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆದುಬರುವುದು ಎಂಬ ಕರಾರಿನ ಮೇಲೆ ಹೊರಟರು.

ರಾತ್ರಿಯಾಯಿತು. ಬುತ್ತಿಯಲ್ಲಿ ತಿಂಡಿ ಇದೆ, ಕುಡಿಯಲು ನೀರಿಲ್ಲ. ಸುಂಕದ ಕಟ್ಟೆಯವನು ನೀರು ಕೊಡಲಿಲ್ಲ. ಹಸಿದ ಮಕ್ಕಳು ಹಾಗೇ ಗಾಡಿಯಲ್ಲಿ ಮಲಗಬೇಕು. ಕತ್ತಲು, ಗುಡ್ಡದ ಬುಡ, ಗೊತ್ತಿಲ್ಲದ ಜಾಗ. ಆಗ ಅಣ್ಣ ಒಂದು ಮಾತು ಹೇಳಿದ. ಎಲ್ಲರೂ ಒಟ್ಟಿಗೆ ಮಲಗೋದು ಬೇಡ, ಏನು ಬೇಕಾದರೂ ಆಗಬಹುದು. ಒಂದು ಹೊತ್ತಿಗೆ ಇಬ್ಬರು ಮಲಗಲಿ, ಇಬ್ಬರು ಎದ್ದು ಕಾಯಲಿ. ಹಾಗೇ ಸರದಿಯ ಮೇಲೆ ಆ ರಾತ್ರಿ ಕಳೆದರು.

ಗೆಳೆಯರೆ, ನಾವು ಅಂಬೇಡ್ಕರರ ಕಾನೂನು ಓದಿದ್ದೇವೆ, ಭಾಷಣ ಓದಿದ್ದೇವೆ, ಅವರ ಫೋಟೋಗೆ ಹೂವು ಹಾಕಿದ್ದೇವೆ. ಈ ಸಾಲಿನ ಮುಂದೆ ಮಾತ್ರ ನಿಲ್ಲದೆ ಹೋಗಿಬಿಟ್ಟೆವು. ದೊಡ್ಡವರು ಯಾರೂ ಇಲ್ಲದ ಕಡೆ, ಊರೇ ವೈರಿಯಾದ ಕಡೆ, ಮಕ್ಕಳು ಮಕ್ಕಳನ್ನು ಕಾಯುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಅದೇ ಪುಸ್ತಕದ ಮುಂದಿನ ಕಥೆ 1917ರದು. ಈಗ ಭೀಮರಾವ್ ಇಪ್ಪತ್ತಾರು ವರ್ಷದ ಯುವಕ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ್ದಾರೆ. ಇರಲು ಮನೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರಸಿ ವಸತಿಗೃಹದಲ್ಲಿ ಒಬ್ಬರೇ ಇದ್ದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಹತ್ತಾರು ಮಂದಿ ಬಂದು ಖಾಲಿ ಮಾಡು ಎಂದರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ಏನೋ ನೆಪ ಹೇಳಿದರು. ರಾತ್ರಿಯ ರೈಲಿನ ತನಕ ಊರಿನ ಸಾರ್ವಜನಿಕ ತೋಟದಲ್ಲಿ ಕೂತಿದ್ದರು. ಹದಿನೆಂಟು ವರ್ಷವಾದರೂ ಆ ದೊಣ್ಣೆಯವರ ಚಿತ್ರ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತದೆ ಎಂದು ಬರೆದರು. ಒಂಬತ್ತರಲ್ಲಿ ಜೊತೆಗೆ ಅಣ್ಣನಿದ್ದ, ಅಕ್ಕನ ಮಕ್ಕಳಿದ್ದರು. ಇಪ್ಪತ್ತಾರರಲ್ಲಿ ಡಿಗ್ರಿಗಳಿದ್ದವು, ಕಾಯುವವರು ಇರಲಿಲ್ಲ. ಓದಿದರೆ ಸಾಕು ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಎರಡು ಕಥೆಯನ್ನೂ ಒಟ್ಟಿಗೆ ಓದಬೇಕು.

ಅಂಬೇಡ್ಕರ್ ಸಾರ್ವಜನಿಕ ಕೆಲಸಕ್ಕೆ ಇಳಿದು ಮೊದಮೊದಲು ಮಾಡಿದ್ದರಲ್ಲಿ ಹಾಸ್ಟೆಲ್ ಇತ್ತು ಎಂಬುದು ನಮಗೆ ಈಗ ಅರ್ಥವಾಗುತ್ತದೆ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಮರುವರ್ಷ ಸೊಲ್ಲಾಪುರದಲ್ಲಿ ಹಾಸ್ಟೆಲ್ ಶುರುವಾಯಿತು. ಅಲ್ಲಿನ ಹುಡುಗರು 'ಸರಸ್ವತಿ ವಿಲಾಸ' ಎಂಬ ಮಾಸಿಕ ನಡೆಸಿದರು. ಬೊಂಬಾಯಿಯಲ್ಲಿ ಸಭಾ ವಾಚನಾಲಯ ತೆರೆಯಿತು, ಹರೆಯದವರಿಗೆ ಹಾಕಿ ಆಡುವ ಸಂಘ ಕಟ್ಟಿತು. 1928ರಲ್ಲಿ ಹುಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಹೈಸ್ಕೂಲು ಹುಡುಗರಿಗಾಗಿ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ಎಲ್ಲಿತ್ತು ಗೊತ್ತೆ? ಧಾರವಾಡದಲ್ಲಿ. 'ಇವನೊಬ್ಬನೇ' ಎಂದು ಬಾಗಿಲಿಂದ ಅಟ್ಟಿದ ಅದೇ ಊರಿನಲ್ಲಿ ಎಪ್ಪತ್ತು ವರ್ಷದ ಮೇಲೆ ನಮ್ಮ ಹುಡುಗರು ಸಾಲಾಗಿ ಚಾಪೆ ಹಾಸಿಕೊಂಡು ಮಲಗಿದರು. ಒಬ್ಬನೇ ಅನ್ನುವ ಮಾತಿಗೆ ಅದೇ ಉತ್ತರ.

ಹಾಸ್ಟೆಲ್ ಅಂದರೆ ಸರ್ಕಾರದ ಕಡತದಲ್ಲಿ ಅಕ್ಕಿ, ಬೇಳೆ, ಹಾಸಿಗೆಯ ಲೆಕ್ಕ. ನಮಗೆ ಅದು ಬೇರೆ. ಕ್ಲಾಸಿನಲ್ಲಿ ತಲೆ ತಗ್ಗಿಸಿ ಬಂದವನು ತಲೆ ಎತ್ತುವ ಜಾಗ. 'ನಂಗೂ ಹಂಗೇ ಅಂದ್ರು ಕಣೋ' ಅಂತ ಇನ್ನೊಬ್ಬ ಹೇಳುವ ಜಾಗ. ಈ ಒಂದು ಮಾತು ಮಾಡುವ ಕೆಲಸ ದೊಡ್ಡದು. ಅಲ್ಲೀ ತನಕ ತಪ್ಪು ತನ್ನಲ್ಲೇ ಇದೆ ಅಂದುಕೊಂಡವನಿಗೆ, ತಪ್ಪು ಎಲ್ಲಿದೆ ಅಂತ ಮೊದಲ ಸಲ ಕಾಣುತ್ತದೆ.

ನಾವಿದ್ದ ಒಂದು ಹಾಸ್ಟೆಲಿನ ಮಾತು ಹೇಳುತ್ತೇವೆ. ಊರು ಬೇಡ, ಹೆಸರು ಬೇಡ. ಹಳ್ಳಿಯಲ್ಲಿ ಲೆಕ್ಕದಲ್ಲಿ ಮುಂದಿದ್ದ ಹುಡುಗ ಪಿಯುಸಿಗೆ ಬಂದ. ಇಂಗ್ಲಿಷ್ ಪಾಠ ತಲೆಗೆ ಹತ್ತಲಿಲ್ಲ. ಪಾಠ ಮಾಡುವವರು ಅವನನ್ನು ಎಬ್ಬಿಸಿ ನಿಲ್ಲಿಸಿ 'ಸರ್ಕಾರದ ಅಳಿಯಂದಿರಿಗೆ ಓದು ಯಾಕ್ರಯ್ಯ' ಅಂದರು. ಕ್ಲಾಸು ನಕ್ಕಿತು. ಅವತ್ತಿನಿಂದ ಅವನು ಕ್ಲಾಸಿಗೆ ಹೋಗಲಿಲ್ಲ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು. ಒಂದು ದಿನ ತನ್ನ ಪೆನ್ನನ್ನು ಒಬ್ಬನಿಗೆ, ಹೊಸ ಟವೆಲನ್ನು ಇನ್ನೊಬ್ಬನಿಗೆ ಕೊಟ್ಟ. ಟವೆಲು ಇಸಕೊಂಡವನಿಗೆ ಅನುಮಾನ ಬಂತು. ಇವನೇನೋ ಮಾಡಿಕೊಳ್ಳೋ ಯೋಚನೇಲಿದಾನೆ ಅಂತ ನಮಗೆ ಬಂದು ಹೇಳಿದ. ಆ ರಾತ್ರಿ ನಾಲ್ಕು ಜನ ಅವನ ಸುತ್ತ ಚಾಪೆ ಹಾಕಿದರು. ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬ ತಮ್ಮ ಮನೆ ಎಮ್ಮೆಯ ಕಥೆ ಹೇಳಿದ. ಒಬ್ಬ ನೇರವಾಗಿ 'ಸಾಯಬೇಕು ಅನ್ಸೈತೇನೋ' ಅಂತ ಕೇಳೇಬಿಟ್ಟ. ಅವನು ಹೂಂ ಅಂದು ಅತ್ತ. ಕೇಳಿದ್ದರಿಂದ ಕೆಟ್ಟದಾಗಲಿಲ್ಲ, ಕಟ್ಟೆ ಒಡೆಯಿತು. ಬೆಳಿಗ್ಗೆ ಹುಡುಗರು ಅಡುಗೆಯಣ್ಣನಿಗೆ ಹೇಳಿದರು. ಅವರು ಅವನ ಅಪ್ಪನನ್ನು ಕರೆಸಿದರು. ಆಸ್ಪತ್ರೆಗೂ ಕರಕೊಂಡು ಹೋದರು. ಮರುವಾರ ಕ್ಲಾಸಿಗೆ ಹೋದಾಗ ಅವನ ಎರಡೂ ಪಕ್ಕದಲ್ಲಿ ಹಾಸ್ಟೆಲಿನವರು ಕೂತರು. ಅವನು ಉಳಿದ.

ಆದರೆ ಸುಳ್ಳು ಹೆಮ್ಮೆ ಬೇಡ. ಅದೇ ಹಾಸ್ಟೆಲಿನಲ್ಲಿ ಇನ್ನೊಬ್ಬ ಹುಡುಗ ಇದ್ದ. ಚಿಕ್ಕವನು, ರಾತ್ರಿ ಹೆದರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಅವನನ್ನು ನೋಡಿ ನಾವು ನಕ್ಕೆವು. ಅಡ್ಡಹೆಸರು ಇಟ್ಟೆವು. ನಮ್ಮೊಳಗಿನ ಎಡಗೈ ಬಲಗೈ ಜಗಳದಲ್ಲಿ ಅವನ ಸಾಲೇ ಬೇರೆ ಮಾಡಿದ್ದೆವು. ಹಬ್ಬಕ್ಕೆ ಊರಿಗೆ ಹೋದವನು ವಾಪಸು ಬರಲಿಲ್ಲ. ಅವನ ಟ್ರಂಕು ಒಂದು ವರ್ಷ ಮೂಲೆಯಲ್ಲೇ ಇತ್ತು. ಅದರ ಮೇಲೆ ನಾವು ಇಸ್ತ್ರಿ ಬಟ್ಟೆ ಇಟ್ಟುಕೊಂಡೆವು. ಕ್ಲಾಸಿನಲ್ಲಿ ನಮ್ಮನ್ನು ನೋಡಿ ನಕ್ಕವರಿಗೂ ನಮಗೂ ಅವತ್ತು ಏನು ವ್ಯತ್ಯಾಸ ಇತ್ತು? ಜಾತಿ ಹೊರಗೆ ಮಾತ್ರ ಇಲ್ಲ, ನಮ್ಮ ಚಾಪೆಯ ಸಾಲಿನಲ್ಲೂ ಮಲಗಿರುತ್ತದೆ.

1973ರ ನವೆಂಬರ್ ನಮಗೆಲ್ಲ ಗೊತ್ತಿರುವುದೇ. ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದರು. ಮಾತಿಗೆ ಮಾತಿನಿಂದ ಉತ್ತರ ಕೊಡಬೇಕಾಗಿದ್ದವರು ಬೀದಿಗಿಳಿದು ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ದಿನಗಳಲ್ಲಿ ಹರೆಯದ ಹುಡುಗರು ನುಂಗಿದ ಹೆದರಿಕೆ ಎಷ್ಟಿರಬೇಕು? ಆ ಹೆದರಿಕೆ ಕೋಣೆಯೊಳಗೇ ಕೊಳೆಯಲಿಲ್ಲ. ಹಾಸ್ಟೆಲುಗಳಲ್ಲಿ ಚರ್ಚೆಯಾಯಿತು, ಹಾಡಾಯಿತು, ಪತ್ರಿಕೆಯಾಯಿತು, ದಲಿತ ಸಂಘರ್ಷ ಸಮಿತಿಯಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಚಳವಳಿಯ ಚರಿತ್ರೆ ಬರೆಯುವವರು ಸಮಾವೇಶಗಳನ್ನು, ನಿರ್ಣಯಗಳನ್ನು ಬರೆಯುತ್ತಾರೆ. ಹತ್ತು ಹುಡುಗರು ಒಟ್ಟಿಗೆ ತಮಟೆ ಹಿಡಿದು ಹಾಡಿದಾಗ ಅವರಲ್ಲೊಬ್ಬನ ಎದೆಯ ಮೇಲಿನ ಕಲ್ಲು ಇಳಿಯಿತು ಎಂಬುದನ್ನೂ ಬರೆಯಬೇಕು.

ಇದೆಲ್ಲ ಹಳೇ ಕಾಲದ್ದು ಅಂತೀರಾ? 2007ರಲ್ಲಿ ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯ ಬಗ್ಗೆ ಥೋರಟ್ ಸಮಿತಿ ವರದಿ ಕೊಟ್ಟಿತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಕಿರುಕುಳ ತಾಳಲಾಗದೆ ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒಟ್ಟಾಗಿ ಸೇರಿಕೊಂಡಿದ್ದರು ಎಂದು ಅದರಲ್ಲಿದೆ. ನಾಳೆ ಡಾಕ್ಟರಾಗುವವರು! ಮಸೂರಿನ ಗಾಡಿ ದೆಹಲಿಯ ಮಹಡಿಗೆ ಬಂದಿತ್ತು, ಅಷ್ಟೇ.

2016ರ ಜನವರಿ. ಹೈದರಾಬಾದ್ ವಿಶ್ವವಿದ್ಯಾಲಯದ ಅಂಬೇಡ್ಕರ್ ಸ್ಟೂಡೆಂಟ್ಸ್ ಅಸೋಸಿಯೇಷನ್ನಿನ ಐದು ಜನರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು ಕ್ಯಾಂಪಸ್ಸಿನ ಬಯಲಲ್ಲೇ ಚಾಪೆ ಹಾಸಿ ಆ ಜಾಗಕ್ಕೆ 'ವೆಲಿವಾಡ' ಎಂದು ಹೆಸರಿಟ್ಟರು. ಅಂದರೆ ನಮ್ಮ ಭಾಷೆಯಲ್ಲಿ ಕೇರಿ. ಜನವರಿ 17ರಂದು ಅವರಲ್ಲೊಬ್ಬನಾದ ರೋಹಿತ್ ವೇಮುಲ ನಮ್ಮನ್ನು ಬಿಟ್ಟುಹೋದ. ಬರೋಡಾದಲ್ಲಿ ಕಣ್ಣೀರಿಟ್ಟ ಬಾಬಾಸಾಹೇಬರಿಗೆ ಎಷ್ಟು ವಯಸ್ಸೋ ಅವನಿಗೂ ಅಷ್ಟೇ, ಇಪ್ಪತ್ತಾರು. ಬಾಬಾಸಾಹೇಬರು ಆ ರಾತ್ರಿಯನ್ನು ದಾಟಿದರು. ದಾಟಿದ್ದರಿಂದಲೇ ನಾವು ಇಲ್ಲಿ ನಿಂತು ಮಾತಾಡುತ್ತಿದ್ದೇವೆ. ರೋಹಿತನೂ ದಾಟಬೇಕಿತ್ತು.

ರೋಹಿತನಿಗೆ ಗೆಳೆಯರಿರಲಿಲ್ಲವೇ? ಇದ್ದರು. ಒಟ್ಟಿಗೆ ಹೊರಬಿದ್ದವರು, ಒಟ್ಟಿಗೆ ಮಲಗಿದವರು. ಆದ್ದರಿಂದ ಈ ಲೇಖನದ ಕಹಿಯಾದ ಮಾತನ್ನು ಹೇಳಲೇಬೇಕು: ಗೆಳೆತನ ದೊಡ್ಡದು, ಆದರೆ ಗೆಳೆತನ ಒಂದೇ ಸಾಲದು. ಗಾಡಿಯ ಒಳಗೆ ಮಕ್ಕಳು ಎಷ್ಟೇ ಎಚ್ಚರವಾಗಿದ್ದರೂ ಕುಡಿಯುವ ನೀರನ್ನು ಸುಂಕದ ಕಟ್ಟೆಯವನೇ ಕೊಡಬೇಕು. ಕೊಡದವನನ್ನು ಬಿಟ್ಟು, ಕಾದ ಮಕ್ಕಳನ್ನು 'ನೀವು ಸರಿಯಾಗಿ ಕಾಯಲಿಲ್ಲ' ಎನ್ನುವುದು ಅನ್ಯಾಯ. 2012ರಲ್ಲೇ ಯುಜಿಸಿ ಸಮಾನತೆಯ ನಿಯಮ ಮಾಡಿತ್ತು. 2019ರಲ್ಲಿ ಮುಂಬಯಿಯ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡ್ವಿಯೂ ಹೋದ ಮೇಲೆ, ಆ ಇಬ್ಬರ ತಾಯಂದಿರು, ರಾಧಿಕಾ ವೇಮುಲ ಮತ್ತು ಆಬೇದಾ ತಡ್ವಿ, ಆ ನಿಯಮವನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮಕ್ಕಳನ್ನು ಕಳಕೊಂಡ ಅವ್ವಂದಿರು ಬೇರೆಯವರ ಮಕ್ಕಳಿಗಾಗಿ ಎದ್ದು ಕಾದರು.

ಇನ್ನು ಆಸ್ಪತ್ರೆಯ ಕಡೆಯ ಚರಿತ್ರೆ. ಮನಸ್ಸಿನ ಕಾಯಿಲೆ ಎಂದರೆ ದೊಡ್ಡ ಊರಿನ ದೊಡ್ಡ ಗೋಡೆಯ ಆಸ್ಪತ್ರೆ ಎಂದಿದ್ದ ಕಾಲ ಇತ್ತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಅದೇ ಮಾದರಿಯ ಮೇಲೆ 1996ರಿಂದ ದೇಶದಲ್ಲಿ ಜಿಲ್ಲಾ ಕಾರ್ಯಕ್ರಮ ಬಂತು. 2014ರಲ್ಲಿ ಕೇಂದ್ರ ಸರ್ಕಾರ 10ರಿಂದ 19 ವಯಸ್ಸಿನವರಿಗಾಗಿ ಶುರು ಮಾಡಿದ ಕಿಶೋರ ಆರೋಗ್ಯ ಯೋಜನೆಯಲ್ಲಿ, ಹಳ್ಳಿಯ ಹುಡುಗ ಹುಡುಗಿಯರನ್ನೇ ಆರಿಸಿ ತಮ್ಮ ಓರಗೆಯವರಿಗೆ ತಿಳಿಹೇಳಲು ತರಬೇತಿ ಕೊಡಬೇಕು ಎಂದಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ಕಾಣಬೇಕು, ಶಿಕ್ಷಿಸಬಾರದು ಎಂದಿತು. 2022ರಲ್ಲಿ ಟೆಲಿ ಮಾನಸ್ ಬಂತು. 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೂ ಮಾತಾಡಬಹುದು. ಓರಗೆಯವರೇ ಓರಗೆಯವರಿಗೆ ಆಸರೆ ಎಂದು ಸರ್ಕಾರ 2014ರಲ್ಲಿ ಕಂಡುಕೊಂಡಿತು. ನಮ್ಮ ಚಾಪೆಯ ಸಾಲಿಗೆ ಅದು ಬಹಳ ಮೊದಲೇ ಗೊತ್ತಿತ್ತು.

ಹಳ್ಳಿ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಮಾತು. ಮನಸ್ಸಿನ ತೊಂದರೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು 14 ವರ್ಷದೊಳಗೇ ಶುರುವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ನಿಮ್ಮ ಎಂಟನೇ ಕ್ಲಾಸಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ. ಹಾಜರಿ ಕೂಗಿದಾಗ ದನಿ ಸಣ್ಣಗಾದವರನ್ನು ಗಮನಿಸಿ. ಸ್ಕಾಲರ್‌ಶಿಪ್ಪಿನ ಪಟ್ಟಿಯನ್ನು ಎಲ್ಲರ ಮುಂದೆ ಜಾತಿ ಹೆಸರಿಟ್ಟು ಓದಬೇಡಿ.

ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ನಿಮಗೂ ಒಂದು ಮಾತು. ಉಣ್ಣದೆ ಬಿಟ್ಟವರು, ಇದ್ದಕ್ಕಿದ್ದಂತೆ ಸುಮ್ಮನಾದವರು, ತಮ್ಮ ಸಾಮಾನು ಹಂಚುವವರು ಕಂಡರೆ ಹತ್ತಿರ ಹೋಗಿ ಕೂರಿ. ಕೇಳಿ. ಒಬ್ಬರನ್ನೇ ಬಿಡಬೇಡಿ. 'ಯಾರಿಗೂ ಹೇಳಬೇಡ' ಎಂದು ಆಣೆ ಹಾಕಿಸಿದರೂ ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳಿ. ಪ್ರಾಣಕ್ಕಿಂತ ಆಣೆ ದೊಡ್ಡದಲ್ಲ. ಇಡೀ ಭಾರ ನೀವೇ ಹೊರಬೇಡಿ, ನೀವೂ ಮಕ್ಕಳೇ. ಗುಡ್ಡದ ಬುಡದಲ್ಲಿ ಆ ಅಣ್ಣ ಕಾಯುವುದನ್ನಷ್ಟೇ ಹೇಳಲಿಲ್ಲ, ಸರದಿಯನ್ನೂ ಹೇಳಿದ. ಎದ್ದಿದ್ದವರು ಆಮೇಲೆ ಮಲಗಿದರು, ಮಲಗಿದ್ದವರು ಎದ್ದರು.

ಬೆಳಗಾದ ಮೇಲೆ ಆ ಮಕ್ಕಳು ಅಪ್ಪನ ಊರು ಮುಟ್ಟಿದರು. ಅವರಲ್ಲೊಬ್ಬ ಮುಂದೆ ಈ ದೇಶದ ಸಂವಿಧಾನ ಬರೆದ. ಹಾಗೆ ಬೆಳೆಯಬಹುದಾಗಿದ್ದ ಎಷ್ಟು ಮಕ್ಕಳ ಟ್ರಂಕುಗಳು ಎಷ್ಟು ಮೂಲೆಗಳಲ್ಲಿ ಉಳಿದಿವೆಯೋ. ಇನ್ನೊಂದು ಟ್ರಂಕು ಹಾಗೆ ಉಳಿಯಬಾರದು. ಇವತ್ತು ರಾತ್ರಿ ನಿಮ್ಮ ಹಾಸ್ಟೆಲಿನಲ್ಲಿ ಯಾರು ಉಂಡಿಲ್ಲ, ಹೋಗಿ ನೋಡಿ.